ಹಸಿರುಮನೆಗೆ ಬೆಳಕು ಬೇಕು, ಬೇಗೆ ಬೇಡ

ಪಾಲಿಹೌಸಿನಲ್ಲಿ ದೊಣ್ಣೆ ಮೆಣಸಿನಕಾಯಿ, ಗುಲಾಬಿ ಬೆಳೆಯುವ ರೈತರಿಗೆ ಬೇಸಿಗೆಯ ಮಧ್ಯಾಹ್ನ ದೊಡ್ಡ ಪರೀಕ್ಷೆ. ನೆರಳು ಪರದೆ ಎಳೆದರೆ ತಾಪದೊಡನೆ ಬೆಳಕೂ ತಗ್ಗುತ್ತದೆ. ಎಳೆಯದಿದ್ದರೆ ಗಿಡ ಬಾಡಿ, ಮೆಣಸಿನ ಹೂವು ಉದುರುತ್ತದೆ.

ಗಿಡಗಳು ಆಹಾರ ತಯಾರಿಕೆಗೆ ಬಳಸುವುದು ಮುಖ್ಯವಾಗಿ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಆದರೆ ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿರುತ್ತದೆ. ಇವು ಹಸಿರುಮನೆಯ ತಾಪವನ್ನು ಏರಿಸುತ್ತವೆಯೇ ಹೊರತು ಆಹಾರ ತಯಾರಿಕೆಗೆ ಒದಗುವುದು ತೀರ ಅಲ್ಪ.

ಬೆಳಕನ್ನು ಒಳಗೆ ಬಿಟ್ಟು ಅವಗೆಂಪನ್ನು ಮಾತ್ರ ಹಿಂದಕ್ಕೆ ಕಳಿಸಲು ತೆಳು ಲೋಹದಿಂದ ಸಾಧ್ಯ. ಸುಮಾರು 10 ನ್ಯಾನೊಮೀಟರ್ ದಪ್ಪದ ಬೆಳ್ಳಿ ಲೇಪನವುಳ್ಳ ಕಿಟಕಿ ಗಾಜು ಈ ಕೆಲಸವನ್ನು ಈಗಾಗಲೇ ಮಾಡುತ್ತಿದೆ. ಲೋಹವನ್ನು ಅತಿ ಸಣ್ಣ ತುಣುಕುಗಳ ಸಾಲಾಗಿ ಜೋಡಿಸಿದರೆ ಆಯ್ಕೆ ಇನ್ನೂ ಸೂಕ್ಷ್ಮವಾಗುತ್ತದೆ. ತಂತಿಯ ಉದ್ದ ಸ್ವರವನ್ನು ನಿರ್ಧರಿಸುವಂತೆ, ತುಣುಕಿನ ಅಳತೆ ಯಾವ ಕಿರಣ ಹಿಂದಿರುಗಬೇಕೆಂಬುದನ್ನು ನಿರ್ಧರಿಸುತ್ತದೆ. ತುಣುಕುಗಳ ಬದಲು ರಂಧ್ರಗಳಿದ್ದರೆ, ಅವುಗಳ ನಡುವಣ ಅಂತರ ಹಾಯುವ ಕಿರಣವನ್ನು ಆರಿಸುತ್ತದೆಂದು 1998ರಲ್ಲಿ ಥಾಮಸ್ ಎಬ್ಬೆಸೆನ್ ಮತ್ತು ಸಂಗಡಿಗರು ತೋರಿಸಿದರು.

ಆದರೆ ಪ್ರಯೋಗಾಲಯದಲ್ಲಿ ಗೆದ್ದುದೆಲ್ಲ ತೋಟದಲ್ಲಿ ಗೆಲ್ಲಬೇಕೆಂದಿಲ್ಲ. ಗಂಧಕದ ಆವಿ ತಗುಲಿದರೆ ಬೆಳ್ಳಿ ಕಪ್ಪಾಗುತ್ತದೆ. ಗುಲಾಬಿಯ ಬೂದಿರೋಗಕ್ಕೆ ನಾವು ಬಳಸುವುದು ಗಂಧಕವನ್ನೇ. ಅಲ್ಯೂಮಿನಿಯಂ ಅಗ್ಗವಾದರೂ ಅಷ್ಟು ತೆಳುವಾದಾಗ ತೇವದಿಂದ ರಕ್ಷಣೆ ಬೇಕು. ಯಾವ ಲೋಹವೇ ಆಗಲಿ, ಗಿಡಕ್ಕೆ ಬೇಕಾದ ಬೆಳಕಿನಲ್ಲೂ ಸ್ವಲ್ಪ ಪಾಲನ್ನು ತಾನು ಹೀರುತ್ತದೆ. ಮಳೆಗಾಲದ ಮೋಡದ ದಿನಗಳಲ್ಲಿ ಇದು ನಷ್ಟವೇ ಸರಿ. ಶೀತ ದೇಶಗಳಲ್ಲಿ ಚಳಿಗಾಲಕ್ಕೆ ಅವಗೆಂಪಿನ ಶಾಖವೇ ಬೇಕಾಗುವುದರಿಂದ, ಅಲ್ಲಿನ ಹೊದಿಕೆಯನ್ನು ಕಣ್ಣುಮುಚ್ಚಿ ಇಲ್ಲಿಗೆ ತರುವಂತಿಲ್ಲ.

ಆದುದರಿಂದ ನಮ್ಮ ವಿಜ್ಞಾನಿಗಳು ಇಂಥ ಹೊದಿಕೆಯನ್ನು ವಿನ್ಯಾಸಗೊಳಿಸುವಾಗ ನಮ್ಮ ಬಿಸಿಲು, ಧೂಳು, ಗಂಧಕ ಮತ್ತು ಚದರ ಮೀಟರಿನ ಬೆಲೆ ಇವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳೆಯ ಪಕ್ಕದಲ್ಲಿ ಎಲ್ಲ ಋತುಗಳಲ್ಲೂ ಪರೀಕ್ಷಿಸದೆ ಶಿಫಾರಸು ಮಾಡಬಾರದು.

ರೈತ ಬಾಂಧವರೂ ‘ನ್ಯಾನೊ’ ಎಂಬ ಹೆಸರಿಗೆ ಮಾರುಹೋಗದೆ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು: ಗಿಡಕ್ಕೆ ಬೇಕಾದ ಬೆಳಕು ಶೇಕಡ ಎಷ್ಟು ಒಳಬರುತ್ತದೆ? ಅವಗೆಂಪು ಶೇಕಡ ಎಷ್ಟು ತಡೆಯುತ್ತದೆ? ಗಂಧಕ ಬಳಸಿದರೂ ಎಷ್ಟು ವರ್ಷ ಬಾಳುತ್ತದೆ? ತೃಪ್ತಿಕರ ಉತ್ತರ ದೊರೆಯುವವರೆಗೆ ಮಾಡಿನ ಗಾಳಿಕಿಂಡಿಗಳನ್ನು ತೆರೆದಿಡುವುದು, ಮಂಜು ಸಿಂಪಡಿಸುವುದು, ಸರಿಸಬಲ್ಲ ಪರದೆಯನ್ನು ಉರಿಬಿಸಿಲಿನ ಹೊತ್ತಿನಲ್ಲಿ ಮಾತ್ರ ಎಳೆಯುವುದು ಲೇಸು.