ಕುರುಡನ ಕೈಯಾಗ ಬಂದೂಕ? ಹೌದು, ಕೊಡ್ರಿ!

ಕರಣಕೋಟದ ಗೆಳೆಯರೇ, "ಕಣ್ಣಿಲ್ಲದವ ಗುರಿ ಹೆಂಗ ಹೊಡೀತಾನ?" ಅಂತ ನಗುವವರಿಗೆ ನಮ್ಮ ಉತ್ತರ ಒಂದೇ: ಕಿವಿಯಿಂದ!

10 ಮೀಟರ್ ಏರ್ ರೈಫಲ್ ಆಟದಲ್ಲಿ ಅಂಧರು ಹೆಡ್‌ಫೋನ್ ಹಾಕಿಕೊಂಡು ಗುರಿ ಹಿಡಿಯುತ್ತಾರೆ. ನಳಿಗೆ ಗುರಿಯ ನಡುವಿಗೆ ಹತ್ತಿರ ಬಂದಷ್ಟೂ ದನಿ ಏರುತ್ತದೆ. ದನಿ ತುದಿ ಮುಟ್ಟಿದಾಗ ಉಸಿರು ಹಿಡಿದು ಟ್ರಿಗರ್ ಎಳೆಯಬೇಕು. ವಿಶ್ವ ಪ್ಯಾರಾ ಶೂಟಿಂಗ್‌ನಲ್ಲಿ ಇದಕ್ಕೆ ಬೇರೆ ವಿಭಾಗವೇ ಇದೆ. ಆದರೂ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಜಾಗ ಸಿಗಲಿಲ್ಲ. ಅಲ್ಲೂ ಬಾಗಿಲು ಮುಚ್ಚಿದ್ದೇ!

2012ರಲ್ಲಿ ಬೆಂಗಳೂರಿನಲ್ಲಿ ಶಿವಮೊಗ್ಗದ ಶೇಖರ್ ನಾಯ್ಕ್ ತಂಡ ಅಂಧರ ಟಿ20 ವಿಶ್ವಕಪ್ ಗೆದ್ದದ್ದು ಗಲಗಲ ಅನ್ನುವ ಚೆಂಡಿನ ಸದ್ದು ಹಿಡಿದೇ ಅಲ್ಲವೇ?

ನಾವು ಬ್ಯಾಂಕಿನವರೂ ತಪ್ಪಿತಸ್ಥರೇ. ಹೆಬ್ಬೆಟ್ಟು ಒತ್ತಿಸಿಕೊಂಡು ಪಿಂಚಣಿ ಎಣಿಸಿ ಕೊಟ್ಟರೆ ಮುಗೀತು ಅಂದುಕೊಂಡೆವು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಕ್ರೀಡೆಯನ್ನೂ ಸರಕಾರದ ಹೊಣೆಗೆ ಸೇರಿಸಿದೆ. ಇದು ದಾನವಲ್ಲ ಸ್ವಾಮಿ, ಬಾಕಿ!

ಹೆಡ್‌ಫೋನಿನ ದನಿಗೆ ಭಾಷೆ ಇಲ್ಲ. ಕಲಿಸುವವರ ಮಾತಿಗೆ ಇದೆ. ಕಣ್ಣಿದ್ದ ಹುಡುಗ ತೆಲುಗು ತಿಳಿಯದಿದ್ದರೂ ನೋಡಿ ಕಲೀತಾನ. ಕಣ್ಣಿಲ್ಲದ ನಮ್ಮ ಕನ್ನಡದ ಹುಡುಗ ಯಾರನ್ನ ನೋಡಬೇಕು? "ಮೊಣಕೈ ಒಳಗ ತಗೋ, ಭುಜ ಸಡಿಲ ಬಿಡು" ಅಂತ ಅವನ ಮಾತಿನಲ್ಲೇ ಹೇಳಬೇಕು.

ತಾಂಡೂರಿನಲ್ಲಿ ಉದ್ದನೆಯ ಒಂದು ಕೋಣೆ, ಒಂದು ರೈಫಲ್, ಆ ದನಿಯ ಯಂತ್ರ, ಕನ್ನಡ ಬಲ್ಲ ಒಬ್ಬ ತರಬೇತುದಾರ. ಕೇಳೋದು ಇಷ್ಟೇ. ಅರ್ಜಿ ಕನ್ನಡದಲ್ಲೇ ಬರೀತೀವಿ. ಸಹಿಗೆ ಯಾರ್ಯಾರು ಬರ್ತೀರಿ, ಹೇಳ್ರಿ.