ಅವ್ವನ ಪಾಟ್ಲಿ, ನನ್ನ ಪ್ರಾರ್ಥನಿ

ಹೋದ ತಿಂಗಳ ಹೆಣ್ಮಕ್ಕಳ ಪ್ರಾರ್ಥನಾ ಕೂಟದಾಗ ಒಬ್ಬಾಕಿ ಎದ್ದು ನಿಂತು ಸಾಕ್ಷಿ ಹೇಳಿದ್ಲು. ಕೆಲವು ವರ್ಷದ ಹಿಂದ ತಗೊಂಡಿದ್ದ ಬಂಗಾರ ಈಗ ಎರಡು ಪಟ್ಟು ಬೆಲಿ ಬಾಳ್ತೈತಂತ, ದೇವರ ಮ್ಯಾಲ ಭರವಸಾ ಇಟ್ಟಿದ್ದಕ್ಕ ಕರ್ತ ಹಿಂಗ ಆಶೀರ್ವಾದ ಮಾಡ್ಯಾನಂತ. ಎಲ್ಲಾರೂ ಸ್ತೋತ್ರ ಅಂದ್ರು. ನಾನೂ ಅಂದೆ. ಮನಿಗೆ ಬಂದು ರೊಟ್ಟಿ ಬಡಿಯೂ ಮುಂದ ವಿಚಾರ ಹತ್ತಿತು. ಬಂಗಾರದ ರೇಟ್ ಇಳದಿದ್ರ ಆಕಿ ಎದ್ದು ನಿಲ್ತಿದ್ಲೇನು? ರೇಟ್ ಏರಿಸಿದಾವ ದೇವರಾದ್ರ, ಇವತ್ತು ಮಗಳ ಮದುವಿಗೆ ಅರ್ಧ ತೊಲಿ ಸೈತ ತಗೊಳ್ಳಾಕಾಗದ ನಮ್ಮ ಹಿಂದಿನ ಬೆಂಚಿನ ಅಕ್ಕಗೋಳಿಗೆ ಅದ ದೇವರು ಏನು ಮಾಡಿದಂಗಾತು?

ಆಕಿನ್ನ ಆಡಿಕೊಳ್ಳಾಕ ಇದನ್ನ ಬರ್ಯಾಕತ್ತಿಲ್ಲ. ಬಾಯಿ ಬಿಟ್ಟು ಹೇಳಿದ್ದಿಲ್ಲ ಅಷ್ಟ, ಇಪ್ಪತ್ತು ವರ್ಷ ನನ್ನ ಸಾಕ್ಷಿನೂ ಅದ ಆಗಿತ್ತು.

ನನ್ನ ಪ್ರಾರ್ಥನಿ ಹೆಂಗಿತ್ತು ಅಂದ್ರ, ರಾತ್ರಿ ಮಲಗೂ ಮುಂದ ಒಂದೊಂದ ಹೆಸರು ಹಿಡದು ಎಣಿಸಿ ಒಪ್ಪಸ್ತಿದ್ದೆ. ಮನಿಯವರ ಪಗಾರ, ಅವರ ಬಿಪಿ, ಮಗಳ ಸಾಲಿ, ಪಾಲಿಸಿ, ಭಿಶಿ, ಕಪಾಟಿನಾಗ ಸೀರಿ ಕೆಳಗ ಇಟ್ಟ ಅವ್ವನ ಎರಡು ಪಾಟ್ಲಿ. ಇವನ್ನೆಲ್ಲಾ ಕಾಯಪ್ಪಾ ಅಂತಿದ್ದೆ. ದೇವರನ್ನ ವಾಚ್‌ಮನ್ ಕೆಲಸಕ್ಕ ಇಟ್ಟಂಗ. ಎಲ್ಲಾ ನೆಟ್ಟಗ ಇತ್ತಂದ್ರ ನನ್ನ ವಿಶ್ವಾಸನೂ ನೆಟ್ಟಗ ಇರ್ತಿತ್ತು. ಅದು ವಿಶ್ವಾಸ ಅಲ್ಲ, ನನ್ನ ಸಾಮಾನಿನ ಮ್ಯಾಲಿನ ಧೈರ್ಯ ಅಂತ ಗೊತ್ತಾಗಿದ್ದು ಭಿಶಿ ಮುಳುಗಿದಾಗ.

ತಿಂಗಳಿಗೆ 5,000ದಂಗ 20 ತಿಂಗಳದ ಭಿಶಿ. ನಾನು 17 ಕಂತು ತುಂಬಿದ್ದೆ, 85,000 ಆಗಿತ್ತು. ಮಗಳನ್ನ ನರ್ಸಿಂಗ್ ಕಾಲೇಜಿಗೆ ಹಾಕೂ ರೊಕ್ಕ ಅದು. ಭಿಶಿ ನಡಸಾಕಿ ನಮ್ಮ ಜೋಡಿನ ಹಾಡು ಹಾಡಾಕಿ, ನಮ್ಮ ಮನ್ಯಾಗ ಚಾ ಕುಡಿಯಾಕಿ. ಒಂದು ಸೋಮವಾರ ಹೋಗಿ ನೋಡಿದ್ರ ಮನಿಗೆ ಕೀಲಿ. ಅವತ್ತಿಂದ ಮೂರು ವಾರ ನನಗ ಪ್ರಾರ್ಥನಿ ಮಾಡಾಕ ಆಗಲಿಲ್ಲ ನೋಡ್ರಿ. ಕಣ್ಣು ಮುಚ್ಚಿದ್ರ 85,000 ಕಾಣ್ತಿತ್ತು. ದೇವರು ಕಾಣ್ತಿದ್ದಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿದಾಗ ನನಗ ಕಂಡದ್ದು ಯಾರು ಹಂಗಾದ್ರ?

ನಮ್ಮವ್ವ ಹಂಗಿದ್ದಿಲ್ಲ. ಬೆಟಗೇರಿಯೊಳಗ ನಮ್ದು ಕೈಮಗ್ಗದ ಮನಿ. ಅಪ್ಪ ತೀರಿಕೊಂಡಾಗ ನಾನು ನಾಕನೇತ್ತೆ, ಅಕ್ಕ ಏಳನೇತ್ತೆ. ಅವ್ವ ಕಂಡಿಕಿ ಸುತ್ತಿ ನಮ್ಮನ್ನ ಸಾಕಿದ್ಲು. ಹಿಟ್ಟು ಪರಾತಕ್ಕ ಹಾಕಿಕೊಂಡ ಮ್ಯಾಲ, ಬಿಸಿನೀರು ಹಾಕೂಕಿಂತ ಮೊದಲ ಒಂದು ಹಿಡಿ ತಗದು ಬ್ಯಾರೆ ಡಬ್ಬಿಗೆ ಹಾಕ್ತಿದ್ಲು. ಅದು ದೇವರ ಹಿಡಿ. ಜ್ವಾಳದ ಹಿಟ್ಟು ಭಾಳ ದಿನ ಇಟ್ಟರ ಕಹಿ ಆಗ್ತೈತಿ, ಹಂಗಾಗಿ ಆರೆಂಟು ದಿನಕ್ಕೊಮ್ಮೆ ಆ ಡಬ್ಬಿ ಓಣ್ಯಾಗ ಯಾರದರೆ ಮನಿಗೆ ಹೋಗ್ತಿತ್ತು, ಖಾಲಿ ಆಗಿ ತಿರುಗಿ ಬರ್ತಿತ್ತು. ನಮಗ ಕಮ್ಮಿ ಬೀಳೂ ದಿನನೂ ಹಿಡಿ ತಗೀತಿದ್ಲು. ಅಕ್ಕ ಸಿಟ್ಟಿಗೇಳ್ತಿದ್ಲು, ನಮಗ ಸಾಲವಲ್ದು, ಅವರಿಗೆ ಯಾಕ ಅಂತ. ಅವ್ವ ಒಂದ ಮಾತು ಅಂತಿದ್ಲು: "ಡಬ್ಬಿ ತುಂಬಿದ್ರ ಧೈರ್ಯ ಬರ್ತೈತಿ, ಬರಲಿ. ಡಬ್ಬಿ ಖಾಲಿ ಆದ ದಿನ ದೇವರೂ ಖಾಲಿ ಆದ ಅನಸಬಾರದು ನೋಡವಾ."

(ಈ ಹಿಡಿ ತಗಿಯೂದು ನಮ್ಮವ್ವಂದ ಒಬ್ಬಾಕಿದ ಪದ್ಧತಿ ಅಲ್ಲ. ಅತ್ತ ಮಿಜೋರಾಮಿನ ಕ್ರೈಸ್ತ ಹೆಣ್ಮಕ್ಕಳು ನೂರು ವರ್ಷದ ಮ್ಯಾಲಿಂದ ಅಡಗಿಗೆ ಅಕ್ಕಿ ತಗದಾಗೆಲ್ಲಾ ಒಂದು ಹಿಡಿ ಎತ್ತಿ ಇಡ್ತಾರ. ಬುಹ್‌ಫಾಯ್ ಥಾಮ್ ಅಂತ ಅದರ ಹೆಸರು. ಆ ಅಕ್ಕಿ ಮಾರಿ ಬಂದ ರೊಕ್ಕದಾಗ ಅಲ್ಲಿ ಸಭೆಯ ದೊಡ್ಡ ದೊಡ್ಡ ಕೆಲಸ ನಡೀತಾವ.)

ಆ ಮೂರು ವಾರದ ಮ್ಯಾಲ ಸತ್ಯವೇದ ತಗದಾಗ ಮೊದಲು ಓದಿದ್ದು ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ವಿಧವಿ ಕತಿ, 1 ಅರಸುಗಳು 17. ಸಣ್ಣಾಕಿದ್ದಾಗಿಂದ ಕೇಳಿದ್ದ. ಒಂದು ಹಿಡಿ ಹಿಟ್ಟು, ಚೂರು ಎಣ್ಣಿ, ಎರಡು ಕಟಗಿ ಆರಿಸಾಕ ಬಂದಾಳ, ರೊಟ್ಟಿ ಮಾಡಿ ತಾನೂ ಮಗನೂ ತಿಂದು ಸಾಯೂ ವಿಚಾರದಾಗ ಅದಾಳ. ಆಮ್ಯಾಲ ಮಳಿ ಬರೂತನಕ ಗಡಿಗ್ಯಾಗಿನ ಹಿಟ್ಟು ತೀರಲಿಲ್ಲ. ಈ ಸಲ ಓದೂ ಮುಂದ ಒಂದು ಕಣ್ಣಿಗೆ ಬಿತ್ತು. ಗಡಿಗಿ ತೀರಲಿಲ್ಲ ಅಂತ ಐತಿ ಹೊರತು, ತುಂಬಿತು ಅಂತ ಎಲ್ಲೂ ಇಲ್ಲ. ದಿನಾ ಆಕಿ ಕೈ ಹಾಕಿದಾಗ ತಳಾನ ಹತ್ತಿರಬೇಕು. ದಿನಾ ಮುಂಜಾನೆ ಇವತ್ತು ಐತೋ ಇಲ್ಲೋ ಅಂತ ಎದಿ ಧಸಕ್ ಅಂದಿರಬೇಕು. ಹಂಗ ಇರೂದು ಸಸಾರ ಅಲ್ರಿ. ದೇವರು ಒಂದ ಸಲಕ್ಕ ಹತ್ತು ಚೀಲ ಕೊಟ್ಟಿದ್ರ ಆಕಿ ಮರುದಿನದಿಂದ ಚೀಲದ ಕಡೆ ನೋಡ್ತಿದ್ಲು.

ಇದ ಕತಿ ಹೇಳಿ "ಮೊದಲು ದೇವರ ಸೇವಕನಿಗೆ ಕೊಡ್ರಿ, ನಿಮಗ ನೂರು ಪಟ್ಟು ಬರ್ತೈತಿ" ಅನ್ನೂ ಬೋಧಕರೂ ಅದಾರ. ಎಲೀಯ ಬೇಡಿದ್ದು ಒಂದು ಸಣ್ಣ ರೊಟ್ಟಿ, ಕಾರಿನ ಕಂತಲ್ಲ. ನೂರು ಪಟ್ಟು ಬರ್ತೈತಿ ಅಂತ ಕೊಡೂದು ಭಿಶಿ ಆತು, ವಿಶ್ವಾಸ ಎಲ್ಲಿ ಆತು? ಭಿಶಿ ಮುಳುಗಿದಾಕಿ ಹೇಳಾಕತ್ತೀನಿ, ಕೇಳ್ರಿ.

ಹಂಗಂತ ಏನೂ ಕೂಡಿ ಇಡಬಾರದು ಅನ್ನೂ ಮಾತೂ ನನಗ ಒಪ್ಪಿಗಿ ಇಲ್ಲ. ನಮ್ಮ ನಾದಿನಿ ಹೊಸ ಸಭೆಗೆ ಸೇರಿದ ಮ್ಯಾಲ ಕೊರಳಾಗಿನ ಸರ, ಕಿವ್ಯಾಗಿನ ಬೆಂಡವಾಲಿ ಎಲ್ಲಾ ತಗದಾಳ. ಒಳ್ಳೇದು, ಆಕಿ ಮನಸ್ಸು. ಖರೇ ಅಂದ್ರ ಬ್ಯಾಂಕಿನ ಠೇವಣಿ ಮಾತ್ರ ಹಂಗ ಐತಿ, ಅದರ ಬಡ್ಡಿ ಕಮ್ಮಿ ಆದ್ರ ಆಕಿಗೆ ರಾತ್ರಿ ನಿದ್ದಿ ಬರಂಗಿಲ್ಲ. ಬಂಗಾರ ಮೈಮ್ಯಾಲಿಂದ ಇಳದ ಮಾತ್ರಕ್ಕ ಮನಸ್ಸಿನ ಮ್ಯಾಲಿಂದ ಇಳದಂಗ ಅಲ್ಲ. (ವೈನಿ ಅಂದ್ರು ಅಂತ ಸಿಟ್ಟಾಗಬ್ಯಾಡವಾ, ಮೊದಲು ನನ್ನ ತಪ್ಪ ಬರದೀನಿ.)

ವಿಮೋಚನಕಾಂಡ 16ರಾಗ ಮನ್ನದ ಸಂಗತಿ ಐತಲ್ಲ, ಅಡಗಿಮನಿ ನಡಸಾಕಿಗೆ ಅದರಷ್ಟು ತಿಳಿಯೂ ಪಾಠ ಇನ್ನೊಂದಿಲ್ಲ. ಅವತ್ತಿಂದು ಅವತ್ತ ಕೂಡಿಸ್ಕೋಬೇಕು. ನಾಳಿಗೆ ಬೇಕಾದೀತು ಅಂತ ಮುಚ್ಚಿಟ್ಟವರದು ಮುಂಜಾನೆಗೆ ಹುಳ ಬಿದ್ದು ನಾರ್ತಿತ್ತು. ಆರನೇ ದಿನ ಮಾತ್ರ ಎರಡು ದಿನದ್ದು ಕೂಡಿಸಿ ಇಡ್ರಿ ಅಂದ. ಅವತ್ತು ಇಟ್ಟದ್ದು ಕೆಡಲಿಲ್ಲ. ಮನ್ನ ಅದ, ಮಂದಿ ಅವರ. ಇಡೂದ ಪಾಪ ಆಗಿದ್ರ ಆರನೇ ದಿನದ್ದೂ ಹುಳ ಬೀಳಬೇಕಿತ್ತು. ನಾಳೆ ದೇವರು ಇರ್ತಾನೋ ಇಲ್ಲೋ ಅನ್ನೂ ಅಂಜಿಕಿಯಿಂದ ಇಟ್ಟದ್ದಕ್ಕ ಹುಳ ಬಿತ್ತು. ನಾವು ಜ್ವಾಳಕ್ಕ ಬೇವಿನ ಸೊಪ್ಪು ಹಾಕಿ ಇಡ್ತೀವಿ, ನುಸಿ ಹತ್ತಂಗಿಲ್ಲ. ಈ ಹುಳಕ್ಕ ಬೇವು ನಡಿಯಂಗಿಲ್ಲ.

ಪಂಡಿತಾ ರಮಾಬಾಯಿ ಬಗ್ಗೆನೂ ಆಗ ಓದಿದೆ. ನೀವೂ ಹೆಸರು ಕೇಳೀರಿ. 1858ರಾಗ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಾಗ ಹುಟ್ಟಿದಾಕಿ. ಊರೂರು ತೀರ್ಥಯಾತ್ರೆ ತಿರುಗೂ ಮನೆತನ. ಬರಗಾಲದಾಗ ಉಪಾಸ ಬಿದ್ದು ಅಪ್ಪ, ಅವ್ವ, ಅಕ್ಕ ಮೂರೂ ಮಂದಿ ಕಣ್ಮುಂದ ತೀರಿಕೊಂಡ್ರು. ಮುಂದ ಇಂಗ್ಲೆಂಡಿನ್ಯಾಗ 1883ರಾಗ ದೀಕ್ಷಾಸ್ನಾನ ತಗೊಂಡ್ಲು, 1889ರಾಗ ಮುಂಬೈಯೊಳಗ ಸಣ್ಣ ವಯಸ್ಸಿನ ವಿಧವಿಯರಿಗೆ ಶಾರದಾ ಸದನ ಅಂತ ಸಾಲಿ ತಗದ್ಲು. ಅಮೆರಿಕಾದ ಮಂದಿ ಹತ್ತು ವರ್ಷ ರೊಕ್ಕ ಕಳಸ್ತೀವಿ ಅಂತ ಮಾತು ಕೊಟ್ಟಿದ್ರು. ಹತ್ತು ವರ್ಷ ಮುಗದ ಮ್ಯಾಲ ಏನು ಅಂತ ಆಕಿ ಕೈ ಕಟಗೊಂಡು ಕುಂದರಲಿಲ್ಲ. ಪುಣೆ ಹತ್ತಿರ ಕೇಡಗಾಂವದಾಗ ಹೊಲಾ ತಗೊಂಡು ಹಣ್ಣಿನ ಗಿಡಾ ಹಚ್ಚಿಸಿದ್ಲು, ಬಾವಿ ತೋಡಿಸಿದ್ಲು. ಹೊಲದ ಉತ್ಪನ್ನದ ಮ್ಯಾಲ ಸಾಲಿ ನಡಿಯಲಿ ಅಂತ. ಇದು ಆರನೇ ದಿನದ ಮನ್ನ ಇದ್ದಂಗ.

ಅಷ್ಟರಾಗ 1896-97ರ ಬರ. ಮಧ್ಯಪ್ರಾಂತದಾಗ ಹೆಣ್ಣು ಹುಡುಗ್ಯಾರು ಹಸಿವಿಲೆ ಸಾಯಾಕತ್ತಿದ್ರು, ಕೆಟ್ಟ ಮಂದಿ ಕೈಗೂ ಸಿಗಾಕತ್ತಿದ್ರು. ಲೆಕ್ಕ ಹಿಡದು ನೋಡಿದ್ರ ಹೊಸಬರನ್ನ ಕರ್ಕೊಂಡು ಬರೂವಷ್ಟು ಅನುಕೂಲ ಇದ್ದಿದ್ದಿಲ್ಲ. ಆಕಿ ಹೋದ್ಲು. ಮುನ್ನೂರರ ಹತ್ತಿರ ಹುಡುಗ್ಯಾರನ್ನ ಕರ್ಕೊಂಡು ಬಂದ್ಲು. ಅದ ಕೇಡಗಾಂವದ ಹೊಲದಾಗ ಅವರನ್ನ ಇಟ್ಟಳು, ಅದ ಮುಕ್ತಿ ಸದನ ಆತು. 1900ರ ಹೊತ್ತಿಗೆ ಅಲ್ಲಿ 1,500 ಮಂದಿ ಇದ್ರು. ನೇಯೂದು, ಗಾಣ, ಅಚ್ಚುಕೂಟ, ಹೈನ, ಎಲ್ಲಾ ಹೆಣ್ಮಕ್ಕಳ ಕೈಯಾಗ. ಇಂಗ್ಲೆಂಡಿನ ಬ್ರಿಸ್ಟಲ್ ಊರಾಗ ಅನಾಥ ಮಕ್ಕಳನ್ನ ಸಾಕಿದ ಜಾರ್ಜ್ ಮುಲ್ಲರನ ಚರಿತ್ರಾ ಓದಿ ಆಕಿಗೆ ಧೈರ್ಯ ಬಂದಿತ್ತಂತ. ಆತ ಮನಷ್ಯಾರ ಮುಂದ ಕೈ ಚಾಚದ ದೇವರಿಗೆ ಮಾತ್ರ ಕೇಳಾವ. ಹಂಗಂದ್ರೂ ಬಂದ ಒಂದೊಂದು ಪೈಸಾದ ಲೆಕ್ಕ ಬರದು ಅಚ್ಚು ಹಾಕಿಸಾಂವ. ಇದು ನನಗ ಭಾಳ ಹಿಡಿಸ್ತು. ದೇವರ ಮ್ಯಾಲ ಭಾರ ಹಾಕಿದಾವ ಲೆಕ್ಕದ ಪುಸ್ತಕ ಸುಟ್ಟಿದ್ದಿಲ್ಲ.

ರಮಾಬಾಯಿ ಸಂಗತಿಯೊಳಗ ನನಗ ನುಂಗಾಕಾಗದ್ದು ಮುಂದ ಐತಿ. ಒಬ್ಬಳ ಮಗಳು ಮನೋರಮಾ. ನಮ್ಮ ಕಲಬುರ್ಗಿಯೊಳಗೂ ಹೆಣ್ಮಕ್ಕಳ ಸಾಲಿ ಸಲುವಾಗಿ ದುಡದಾಕಿ. ಅವ್ವನ ಕೈ ಹಿಡದು ಎಲ್ಲಾ ಕೆಲಸ ನಡಸಾಕಿ. 1921ರಾಗ ತೀರಿಕೊಂಡ್ಲು. ಸಾವಿರಾರು ಮಂದಿ ಮಕ್ಕಳಿಗೆ ಅವ್ವ ಆದಾಕಿಗೆ ತನ್ನ ಒಬ್ಬ ಮಗಳು ಉಳೀಲಿಲ್ಲ. ಆಕಿ ಪ್ರಾರ್ಥನಿ ಮಾಡಿರಂಗಿಲ್ಲೇನು? ನನ್ನ ಇಪ್ಪತ್ತು ವರ್ಷದ ಪ್ರಾರ್ಥನಿ ಲೆಕ್ಕದಾಗ ನೋಡಿದ್ರ ಅವತ್ತಿಗೆ ದೇವರ ಜೋಡಿ ವ್ಯವಹಾರ ಮುಗೀಬೇಕಿತ್ತು. ಆಕಿ ಮರಾಠಿಗೆ ಸತ್ಯವೇದ ತರ್ಜುಮೆ ಮಾಡಾಕತ್ತಿದ್ಲು, ಆ ಕೆಲಸ ಬಿಡಲಿಲ್ಲ. ಮುಗಿಸಿ, ಮರುವರ್ಷ 1922ರಾಗ ತಾನೂ ಹ್ವಾದ್ಲು. ಕಾಯೂ ಸಾಮಾನು ಏನೂ ಉಳೀದಿದ್ದಾಗೂ ದೇವರ ಕಡೆ ಮುಖ ಇಟ್ಟು ಕುಂತಿದ್ದಾಕಿ ಆಕಿ. ನನಗ ಅಷ್ಟು ಶಕ್ತಿ ಇಲ್ಲ, ಸುಳ್ಳ ಯಾಕ ಹೇಳಲಿ. ಮಗಳಿಗೆ ಜ್ವರಾ ಬಂದ್ರ ಇವತ್ತಿಗೂ ನನ್ನ ಪ್ರಾರ್ಥನಿ ಹಳೇ ದಾರಿ ಹಿಡೀತೈತಿ.

ಭಿಶಿ ಸಂಗತಿಗೆ ಬರ್ತೀನಿ. ಮುಳುಗಿದ ಮ್ಯಾಲ ನಮ್ಮ ಹಿರಿಯರೊಬ್ಬರು "ದೇವರಿಗೆ ಬಿಟ್ಟುಬಿಡ್ರಿ, ಸ್ಟೇಶನ್‌ಗೆ ಹೋಗಿ ಸಭೆಯ ಹೆಸರು ಕೆಡಸಬ್ಯಾಡ್ರಿ" ಅಂದ್ರು. ದೇವರಿಗೆ ಬಿಡೂದು ಅಂದ್ರ ಬಾಯಿ ಮುಚಗೊಂಡು ಕುಂದ್ರೂದು ಅಂತ ಹೆಣ್ಮಕ್ಕಳಿಗೆ ಮಾತ್ರ ಯಾಕ ಹೇಳ್ತಾರೋ ಗೊತ್ತಿಲ್ಲ. ಯೇಸು ಹೇಳಿದ ಸಾಮತಿಯೊಳಗ ವಿಧವಿ ನ್ಯಾಯಾಧಿಪತಿ ಬಾಗಿಲಾ ಬಿಡಲಿಲ್ಲಲ್ಲ? ನಾವು ಐದು ಮಂದಿ ಹೋಗಿ ಕಂಪ್ಲೇಂಟ್ ಕೊಟ್ವಿ. ನನಗ ಇಲ್ಲೀತನಕ 18,000 ಬಂದೈತಿ. ಉಳದದ್ದು ಬಂದ್ರ ಬಂತು. ಕಂಪ್ಲೇಂಟ್ ಕೊಟ್ಟು ಬಂದ ರಾತ್ರಿನ ನಾನು ಮೂರು ವಾರದ ಮ್ಯಾಲ ಮೊದಲನೇ ಸಲ ಪ್ರಾರ್ಥನಿ ಮಾಡಿದ್ದು. ಏನೂ ಬೇಡಲಿಲ್ಲ, ಬೇಡಾಕ ತಿಳೀಲಿಲ್ಲ. "ಅದಿ ಏನಪ್ಪಾ?" ಅಂತ ಕೇಳಿ ಸುಮ್ಮನ ಕುಂತೆ.

ಮಗಳ ಫೀಗೆ ಅವ್ವನ ಪಾಟ್ಲಿ ಮಾರಿದೆ. ಒತ್ತಿ ಇಡಬಹುದಿತ್ತು, ಖರೆ, ಬಡ್ಡಿ ಕಟ್ಟೂ ತಾಕತ್ತು ಇದ್ದಿದ್ದಿಲ್ಲ. ಅಂಗಡಿಯಾವ ತೂಕ ಮಾಡೂ ಮುಂದ ನನ್ನ ಕೈ ನಡಗಿತು. ಹೊರಗ ಬಂದ ಮ್ಯಾಲ ಮಾತ್ರ, ಹೆಂಗ ಹೇಳಲಿ, ರಾತ್ರಿ ಕಪಾಟಿನ ಕೀಲಿ ಎರಡು ಸಲ ಜಗ್ಗಿ ನೋಡೂ ಚಟ ಬಿಟ್ಟುಹೋತು. ಮಗಳು ಈಗ ಎರಡನೇ ವರ್ಷದಾಗ ಅದಾಳ. ಪಾಸಾಗಿ ಪಗಾರ ಬಂದ ಮ್ಯಾಲ ನಿನಗ ಪಾಟ್ಲಿ ಮಾಡಿಸಿಕೊಡ್ತೀನಿ ಅಂತಾಳ. ಮಾಡಿಸಿದ್ರ ಹಾಕ್ಕೋತೀನಿ, ಯಾಕ ಬ್ಯಾಡನ್ಲಿ.

ಅಕ್ಕಾ, ನೀ ಇದನ್ನ ಓದ್ತಿ ಅಂತ ಗೊತ್ತೈತಿ, ನಿನ್ನ ಸೊಸಿ ನಿನಗ ತೋರಸ್ತಾಳ. ಪಾಟ್ಲಿ ಅವ್ವನ ಗುರುತು, ಅದರಾಗ ಒಂದು ನಿಂದು. ಮಾರೂಕಿಂತ ಮೊದಲು ನಿನ್ನ ಕೇಳಬೇಕಿತ್ತು. ನೀ ಫೋನಿನ್ಯಾಗ ಅತ್ತಾಗ ನಾನು "ದೇವರು ನನ್ನ ಮನಸ್ಸಿನಾಗ ಹಾಕಿದ, ಮಾರಿದೆ" ಅಂದೆ. ಅದು ಸುಳ್ಳ. ನೀ ಬ್ಯಾಡ ಅಂತಿ ಅನ್ನೂ ಅಂಜಿಕಿಗೆ ಕೇಳಲಿಲ್ಲ, ಆಮ್ಯಾಲ ದೇವರ ಹೆಸರು ಅಡ್ಡ ತಂದೆ. ನಿನ್ನ ಪಾಟ್ಲಿ ರೊಕ್ಕ ತಿಂಗಳಾ ಸ್ವಲ್ಪ ಸ್ವಲ್ಪ ಎತ್ತಿ ಇಡಾಕತ್ತೀನಿ. ಸುಗ್ಗಿ ಹಬ್ಬಕ್ಕ ಬಾ. ಅವ್ವನ ಹಿಡಿ ಡಬ್ಬಿ ನನ್ನ ಕಡೆನ ಐತಿ, ನಡಸಾಕತ್ತೀನಿ. ಬೇಕಾದ್ರ ಅದನ್ನ ನೀ ಒಯ್ಯಿ. ಮುಚ್ಚಳ ಒಂದ ಕಡೆ ಸೊಟ್ಟ ಆಗೈತಿ, ಒತ್ತಿ ಹಾಕಬೇಕು.