ಕಮಿಟಿ ಬದಲಾದರೆ ಪುಸ್ತಕ ಸಾಯುವುದಿಲ್ಲ

"ಆ ಮೀಟಿಂಗಿನಲ್ಲಿ ನಾವಿರಲಿಲ್ಲ, ಅದನ್ನ ನಾವ್ಯಾಕ್ರೀ ಒಪ್ಪಬೇಕು?"

ಚುನಾವಣೆ ಮುಗಿದು ಹೊಸ ಕಮಿಟಿ ಕೂತ ಕೂಡಲೇ ಈ ಮಾತು ಏಳುತ್ತದೆ. ಪಂಚಾಯಿತಿಯಲ್ಲಿ ಏಳುತ್ತದೆ, ಹಾಲಿನ ಸೊಸೈಟಿಯಲ್ಲಿ ಏಳುತ್ತದೆ, ಸ್ಕೂಲು ಕಮಿಟಿಯಲ್ಲೂ ಏಳುತ್ತದೆ. ಕಾಣದ್ದಕ್ಕೆ ಸಾಕ್ಷಿ ಹೇಳಬಾರದು ಎಂಬ ಧರ್ಮದ ಮಾತಿನ ಹಾಗೆ ಕೇಳಿಸುತ್ತದೆ. ಬಾಣಾವರದ ಸುತ್ತಿನ ಕೇರಿಗಳ ನಾವು ಕೇಳುವುದು ಇಷ್ಟೆ: ಈ ಧರ್ಮ ಯಾವ ಪುಟಕ್ಕೆ ಬಂದಾಗ ನಿಮಗೆ ನೆನಪಾಗುತ್ತದೆ?

ಹಳೇ ಕಮಿಟಿ ಮಾಡಿಸಿದ ಚರಂಡಿಯ ಬಿಲ್ಲು ಬಂದಾಗ "ನಾವಿರಲಿಲ್ಲ" ಎಂದವರನ್ನು ನಾವು ಕಂಡಿಲ್ಲ. ಅಂಗಡಿ ಮಳಿಗೆ ಹರಾಜಿನ ಠರಾವು ಬಂದಾಗಲೂ ಕಂಡಿಲ್ಲ. ಆಗ ಕಣ್ಣು ಮುಚ್ಚಿಕೊಂಡು ರುಜು ಬೀಳುತ್ತದೆ. ಅದೇ ಪುಸ್ತಕದಲ್ಲಿ ಕೇರಿಯ ಸ್ಮಶಾನಕ್ಕೆ ದಾರಿ ಬಿಡಿಸಬೇಕು ಎಂಬ ಸಾಲು ಬರಲಿ, ನಿವೇಶನ ಇಲ್ಲದವರ ಪಟ್ಟಿ ಬರಲಿ, ಪೆನ್ನು ಜೇಬಿಗೆ ಹೋಗುತ್ತದೆ. ಇದು ಧರ್ಮವಲ್ಲ. ಧರ್ಮದ ಅಂಗಿ ತೊಟ್ಟ ಯಜಮಾನಿಕೆ.

ನಡಾವಳಿಗೆ ಒಪ್ಪಿಗೆ ಅಂದರೇನು? ಅಂದು ಆಡಿದ್ದನ್ನು, ತೀರ್ಮಾನಿಸಿದ್ದನ್ನು ಸರಿಯಾಗಿ ಬರೆದಿದೆಯೇ ಎಂಬ ಒಂದೇ ಪ್ರಶ್ನೆ. ಆ ತೀರ್ಮಾನ ನಮಗೆ ಇಷ್ಟವೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಬೇಕೆಂದೇ ಕಲಸಿ ಅಂಬಲಿ ಮಾಡುವವರಿದ್ದಾರೆ. ತೀರ್ಮಾನ ಹುಟ್ಟುವುದು ಸಭೆ ಕೈ ಎತ್ತಿದ ಗಳಿಗೆಯಲ್ಲಿ. ಮುಂದಿನ ಸಭೆಯ ರುಜು ಅದಕ್ಕೆ ಹುಟ್ಟು ಕೊಡುವುದೂ ಇಲ್ಲ, ಸಾವು ಕೊಡುವುದೂ ಇಲ್ಲ. ಅಮೆರಿಕಾದ ಹೆನ್ರಿ ರಾಬರ್ಟ್ ೧೮೭೬ರಲ್ಲಿ ಸಭಾ ನಿಯಮಗಳ ಪುಸ್ತಕ ಪ್ರಕಟಿಸಿದ. ಸಭೆಗೆ ಬಾರದಿದ್ದವನೂ ಅದರ ನಡಾವಳಿಯನ್ನು ಒಪ್ಪುವುದರಲ್ಲಿ ಭಾಗವಹಿಸಬಹುದೆಂದು ಆ ಪುಸ್ತಕದ ಈಚಿನ ಮುದ್ರಣಗಳು ಬಿಡಿಸಿ ಹೇಳುತ್ತವೆ. ನಮ್ಮ ೧೯೯೩ರ ಪಂಚಾಯತ್ ರಾಜ್ ಕಾನೂನೂ ಗ್ರಾಮ ಪಂಚಾಯಿತಿಯನ್ನು ನಿರಂತರ ಉತ್ತರಾಧಿಕಾರ ಇರುವ ಸಂಸ್ಥೆ ಎನ್ನುತ್ತದೆ. ಅಂದರೆ ಸದಸ್ಯರು ಬರುತ್ತಾರೆ, ಹೋಗುತ್ತಾರೆ, ಪಂಚಾಯಿತಿ ಸಾಯುವುದಿಲ್ಲ. ಹಳೇ ಸಾಲ ಅದರದೇ. ಹಳೇ ಮಾತೂ ಅದರದೇ.

"ಹಳಬರು ಸುಳ್ಳು ಬರೆದಿದ್ದರೆ?" ಎಂದು ಕೇಳುವವರಿಗೆ ನಮ್ಮ ಉತ್ತರವಿದೆ. ಅಂದು ಇದ್ದವರನ್ನು ಕರೆದು ಕೇಳಿ. ತಪ್ಪಿದ್ದರೆ ಎಲ್ಲರೆದುರು ತಿದ್ದಿ, ತಿದ್ದಿದ್ದನ್ನೂ ಬರೆಯಿರಿ. ತೀರ್ಮಾನವೇ ಬೇಡವೆಂದರೆ ನೋಟಿಸು ಕೊಟ್ಟು, ವಿಷಯಸೂಚಿಗೆ ಹಾಕಿ, ಕಾನೂನಿನಂತೆ ಕೈ ಎತ್ತಿ ರದ್ದು ಮಾಡಿ. ಯಾರು ಕೈ ಎತ್ತಿದರೆಂದು ಊರು ನೋಡಲಿ. ಆ ಧೈರ್ಯ ಇಲ್ಲದವರೇ "ನಾವಿರಲಿಲ್ಲ" ಎಂಬ ಬಾಗಿಲ ಹಿಂದೆ ನಿಲ್ಲುವುದು.

ಮಹಾಡ್ ನೆನೆಯೋಣ. ೧೯೨೩ರಲ್ಲಿ ಬೊಂಬಾಯಿಯ ಶಾಸನ ಸಭೆ ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿ ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದಿತು. ೧೯೨೪ರಲ್ಲಿ ಮಹಾಡಿನ ಪುರಸಭೆ ಚವದಾರ್ ಕೆರೆಯ ಬಗ್ಗೆ ಅದೇ ನಿರ್ಣಯ ಮಾಡಿತು. ಪುಸ್ತಕದಲ್ಲಿ ನೀರು ಹರಿಯಿತು, ಬೊಗಸೆಗೆ ಬರಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರು ಕುಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಪುರಸಭೆ ತನ್ನ ೧೯೨೪ರ ನಿರ್ಣಯವನ್ನು ರದ್ದು ಮಾಡಿತು. ಬೊಂಬಾಯಿ ಹೈಕೋರ್ಟಿನ ತೀರ್ಪು ನಮ್ಮವರ ಪರ ಬಂದಾಗ ೧೯೩೭ ಆಗಿತ್ತು. ಆ ಪುರಸಭೆಯ ದ್ರೋಹವಾದರೂ ಬಹಿರಂಗವಾಗಿತ್ತು. ಇವತ್ತಿನವರಿಗೆ ರದ್ದು ಮಾಡುವ ಕಷ್ಟವೂ ಬೇಡ. ಪುಸ್ತಕ ಮುಚ್ಚಿ ಕೂತರೆ ಸಾಕು.

ಇದರ ಪೆಟ್ಟು ಬೀಳುವುದು ಯಾರಿಗೆ? ಮೀಸಲು ಸರದಿಯಲ್ಲಿ ತಿರುಗುತ್ತದೆ. ಕೇರಿಯ ಒಬ್ಬ ಹೆಣ್ಣುಮಗಳು ಐದು ವರ್ಷ ಕುರ್ಚಿಯ ತುದಿಯಲ್ಲಿ ಕೂತು, ಗದರಿಸಿಕೊಂಡು, ಕೊನೆಗೂ ನಲ್ಲಿಯದೋ ದಾರಿಯದೋ ಒಂದು ನಿರ್ಣಯ ಬರೆಸುತ್ತಾಳೆ. ಮುಂದಿನ ಸಲ ಆ ಸೀಟು ಅವಳದಲ್ಲ. ಕೂಲಿಗೆ ಹೋಗುತ್ತಾಳೆ, ತೆಂಗಿನ ತೋಟದಲ್ಲಿ ಕಾಯಿ ಹೊರುತ್ತಾಳೆ. ಆ ಮನೆಯೊಳಗೆ ಅವಳದೆಂದು ಉಳಿಯುವುದು ಪುಸ್ತಕದ ಆ ಒಂದು ಸಾಲು. ಅದನ್ನೂ ಅಳಿಸಿದರೆ ಮೀಸಲಾತಿ ಎಂಬುದು ಐದು ವರ್ಷದ ಟೀ ಬಿಸ್ಕತ್ತಿಗೆ ಇಳಿಯುತ್ತದೆ.

ಇನ್ನೊಂದು ಮೋಸವೂ ಇದೆ. ನಮ್ಮವರು ಹೊಸದಾಗಿ ಗೆದ್ದು ಬಂದಾಗ ಈ ಧರ್ಮ ತಿರುಗಾಮುರುಗಾ ಆಗುತ್ತದೆ. "ಹಳೇದಮ್ಮ, ಓದೋದೇನಿದೆ, ಇಲ್ಲೊಂದು ರುಜು ಹಾಕು." ಓದಿಲ್ಲ, ಕೇಳಿಸಿಲ್ಲ, ಹೆಬ್ಬೆಟ್ಟು ಮಾತ್ರ ಬೇಕು. ಶಾನುಭೋಗಿಕೆಯನ್ನು ೧೯೬೧ರ ಕಾನೂನು ತೆಗೆದುಹಾಕಿತು. ಆದರೆ ಬರೆಯುವ ಕೈ ತಮ್ಮದು, ಒತ್ತುವ ಬೆರಳು ನಿಮ್ಮದು ಎಂಬ ಶಾನುಭೋಗರ ಬುದ್ಧಿ ಇನ್ನೂ ಹೋಗಿಲ್ಲ. ಅಕ್ಷರವನ್ನು ಸಾವಿರಾರು ವರ್ಷ ನಮ್ಮಿಂದ ದೂರ ಇಟ್ಟವರಿಗೆ ಪುಸ್ತಕದ ಬೆಲೆ ಚೆನ್ನಾಗಿ ಗೊತ್ತು. ನಮಗೂ ಗೊತ್ತಾಗಲಿ.

ಆದ್ದರಿಂದ ಗೆಳೆಯರೇ, ನಾವು ಹಟ ಹಿಡಿಯಬೇಕಾದ್ದು ಇವು. ಅವಧಿ ಮುಗಿಸುವ ಕಮಿಟಿ ತನ್ನ ಕೊನೆಯ ಸಭೆಯ ನಡಾವಳಿಯನ್ನು ಅಲ್ಲೇ ಬರೆದು, ಅಲ್ಲೇ ಓದಿ, ರುಜು ಮಾಡಿಯೇ ಏಳಬೇಕು. ನಿರ್ಣಯಗಳ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಸಬೇಕು. ಹೊಸ ಕಮಿಟಿಯ ಮೊದಲ ಸಭೆಯಲ್ಲಿ ಹಳೇ ನಡಾವಳಿಯನ್ನು ಗಟ್ಟಿಯಾಗಿ ಓದಿಸಬೇಕು. ಓದದೆ ಹೆಬ್ಬೆಟ್ಟು ಇಲ್ಲ. ಆಕ್ಷೇಪಣೆ ಹೇಳಿದರೆ ಅದನ್ನೂ ಬರೆಸಬೇಕು. ಪುಸ್ತಕ ತೋರಿಸುವುದಿಲ್ಲ ಅಂದರೆ ೨೦೦೫ರ ಮಾಹಿತಿ ಹಕ್ಕಿನ ಕಾನೂನಿದೆ. ಹತ್ತು ರೂಪಾಯಿ, ಒಂದು ಅರ್ಜಿ, ಮೂವತ್ತು ದಿನ. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಡ. ನಕಲು ತಂದು ಕೇರಿಯ ಕಟ್ಟೆಯ ಮೇಲೆ, ಓದು ಬಲ್ಲ ಮಕ್ಕಳ ಕೈಲಿ ಎಲ್ಲರಿಗೂ ಕೇಳುವಂತೆ ಓದಿಸೋಣ.

ಪುಸ್ತಕವೊಂದೇ ದಾರಿ ಬಿಡಿಸುವುದಿಲ್ಲ, ಬಲ್ಲೆವು. ಮಹಾಡಿನಲ್ಲಿ ಕಾಲುಗಳು ನಡೆದ ಮೇಲೇ ನೀರು ಸಿಕ್ಕಿದ್ದು. ಆದರೆ ನಡೆದು ಹೋಗುವವರ ಕೈಯಲ್ಲಿ ಆ ಪುಟ ಇರಲಿ. "ನಾವಿರಲಿಲ್ಲ" ಎನ್ನುವವರಿಗೆ ಹೇಳೋಣ: ನೀವಿರಲಿಲ್ಲ, ಸರಿ. ನಾವಿದ್ದೆವು. ಓದಿ.